ಪೂಜೆಗಿಟ್ಟ ಓಲೆಗರಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಹೊಲ, ಮನೆ ಎಲ್ಲ ಇತ್ತು ಅನ್ನಿ. ಆದರೆ ಅವನ ಹೆಮ್ಮೆಯೆಲ್ಲ ದೇವರಮನೆಯಲ್ಲಿದ್ದ ಒಂದು ಓಲೆಗರಿ ಕಟ್ಟಿನ ಮೇಲೆ. ಆ ಮನೆತನದಲ್ಲಿ ಹಿಂದೆ ಆಗಿಹೋದ ಒಬ್ಬ ಮಹಾತಾಯಿಯ ಹಾಡುಗಳನ್ನು ಅದರಲ್ಲಿ ಬರೆದಿಟ್ಟಿದ್ದರಂತೆ. ಬೇರೆಲ್ಲೂ ಪ್ರತಿ ಇಲ್ಲ. ಅದಕ್ಕೆ ನಿತ್ಯ ಅರಿಸಿನ, ಕುಂಕುಮ, ಹೂವು, ಅಕ್ಷತೆ. ಸರಸ್ವತಿ ಪೂಜೆಯ ದಿನ ಹಾಲಿನ ಪ್ರೋಕ್ಷಣೆ ಬೇರೆ. ಬಿಚ್ಚಿ ಓದೋದು? ಶಿವಶಿವಾ, ಮೈಲಿಗೆ ಆಗೋದಿಲ್ಲವೇ?

ಧರ್ಮದ ವಿಷಯದಲ್ಲೇ ಸಂಶೋಧನೆ ಮಾಡುವ ಒಬ್ಬ ಹೆಣ್ಣುಮಗಳು ಆ ತಾಯಿಯ ಹಾಡು ಹುಡುಕುತ್ತಾ ಹೊರಟಳು. ವಿಶ್ವವಿದ್ಯಾಲಯದ ಲೈಬ್ರರಿ ನೋಡಿದಳು, ಮಠಗಳ ಭಂಡಾರ ನೋಡಿದಳು. ಎಲ್ಲೆಡೆ ಒಂದೇ ಉತ್ತರ: ಹೆಸರಿದೆ, ಹಾಡಿಲ್ಲ, ಆ ಶ್ರೀಮಂತರ ಮನೆಯಲ್ಲಿ ಕೇಳಿ.

ಬಂದು ಕೇಳಿದಳು. ನೀವೇ ಬಿಚ್ಚಿ, ನೀವೇ ಕಟ್ಟಿ, ನಾನು ಮುಟ್ಟೋದೂ ಇಲ್ಲ, ಫೋಟೋ ತೆಗೆದುಕೊಂಡು ಹೋಗ್ತೀನಿ ಅಂದಳು. ಅವನು ಪ್ರಸಾದ ಕೊಟ್ಟ, ಊಟ ಹಾಕಿಸಿದ. ಕಟ್ಟು ಬಿಚ್ಚಲಿಲ್ಲ. "ಇದು ಪೂಜೆಗೆ ಇರೋದು ತಾಯಿ, ಓದೋಕಲ್ಲ" ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ನೋಡಿ, ಕೆಟ್ಟವನಲ್ಲ ಅವನು. ಭಕ್ತಿ ಇತ್ತು. ಅದೇ ಸಂಕಟ.

ವರ್ಷಗಳು ಹೋದವು. ಅವಳು ಬರುತ್ತಲೇ ಇದ್ದಳು. ಕೊನೆಗೊಮ್ಮೆ ಅವನ ಮನಸ್ಸು ಕರಗಿತು. ಮಣೆಯ ಮೇಲಿಟ್ಟು ತಾನೇ ದಾರ ಬಿಚ್ಚಿದ. ಒಳಗೆ ಏನಿತ್ತು? ಅಕ್ಷತೆಯ ಅಕ್ಕಿಗೆ ಬಂದ ಹುಳು, ಹಾಲಿನ ತೇವಕ್ಕೆ ಬಂದ ಬೂಷ್ಟು. ಗರಿಗಳು ಕೈಯಲ್ಲೇ ಹುಡಿಯಾದವು. ಪೂಜೆಯೇ ತಿಂದುಹಾಕಿತ್ತು ಸ್ವಾಮಿ, ಪೂಜೆಯೇ ತಿಂದುಹಾಕಿತ್ತು.

ಆ ಹೆಣ್ಣುಮಗಳು ಬೈಯಲಿಲ್ಲ. ಮೆಲ್ಲಗೆ ಕೇಳಿದಳು: "ಯಜಮಾನ್ರೇ, ನಿಮಗೆ ಒಂದು ಹಾಡಾದರೂ ಬರುತ್ತಾ? ಹೇಳಿ, ಬರ್ಕೋತೀನಿ."

ಅವನಿಗೆ ಯಾವ ಹೂವು ಮೊದಲು, ಯಾವ ಆರತಿ ಆಮೇಲೆ, ಎಲ್ಲ ಬಾಯಿಪಾಠ. ಹಾಡು ಮಾತ್ರ ಒಂದು ಸಾಲೂ ಬರಲಿಲ್ಲ. ಆ ತಾಯಿ ಲೋಕಕ್ಕೆ ಏನು ಹೇಳಿ ಹೋದಳೋ, ಇನ್ನು ಯಾರಿಗೂ ತಿಳಿಯೋದಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತೆ.

ಈಗ ಹೇಳಿ, ಆ ಶ್ರೀಮಂತ ಯಾರು? ನಿಮ್ಮ ದೇವರ ಗೂಡಿನಲ್ಲಿ ಬಟ್ಟೆ ಸುತ್ತಿದ ಗ್ರಂಥ ಒಂದಿಲ್ಲವೇ? ದಿನಾ ಕೈ ಮುಗೀತೀರಿ. ಓದಿದ್ದು ಯಾವಾಗ? ಇವತ್ತೇ ಮನೆಗೆ ಹೋಗಿ ಬಿಚ್ಚಿ. ಒಣಬಟ್ಟೆಯಲ್ಲಿ ಒರೆಸಿ, ಒಂದು ಪುಟ ಗಟ್ಟಿಯಾಗಿ ಓದಿ, ಅಡುಗೆಮನೆಗೂ ಕೇಳಲಿ. ಓದಲು ಬಾರದ ಲಿಪಿಯಾದರೆ ಬಲ್ಲವರಿಗೆ ತೋರಿಸಿ, ಲೈಬ್ರರಿಗೆ ಒಂದು ಪ್ರತಿ ಸೇರಿಸಿ. ಯಾರಾದರೂ ಹುಡುಕಿಕೊಂಡು ಬಂದರೆ ನಾಳೆ ಬಾ ಅನ್ನಬೇಡಿ. ಹುಳು ನಾಳೆವರೆಗೆ ಕಾಯೋದಿಲ್ಲ.