ಮೇಕೆಯಲ್ಲಿ ಇಲ್ಲದ ತುಂಡು

ಯಶೋದ ಅವರ ತಾಯಿ ಚಿಕ್ಕಬಸಮ್ಮನವರೇ, ಪತಿ ಪ್ರಭುಸ್ವಾಮಿಯವರೇ, ಮುಳ್ಳೂರು, ಯಳಂದೂರು, ಹನೂರು ಕಡೆಯಿಂದ ಬಿಸಿಲಲ್ಲಿ ಬಂದು ಕೊಳ್ಳೇಗಾಲದ ಈ ಶ್ರದ್ಧಾಂಜಲಿ ಸಭೆಯಲ್ಲಿ ಕೂತಿರುವ ಬಂಧುಗಳೇ — ಎಲ್ಲರಿಗೂ ನನ್ನ ನಮಸ್ಕಾರ.

ನಾನು ಶಿವಶಂಕರ. ಲ್ಯಾಬಿನಲ್ಲಿ ಯಶೋದ ಅವರ ಪಕ್ಕದ ಕುರ್ಚಿಯಲ್ಲಿ ಹದಿನಾಲ್ಕು ವರ್ಷ ಕೂತವನು. ನಾಲ್ಕು ಒಳ್ಳೆಯ ಮಾತಾಡಿ ಎಂದು ಕರೆದಿದ್ದಾರೆ. ಆಡುತ್ತೇನೆ. ಆದರೆ ಇವತ್ತು ನಾನು ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅದನ್ನು ಕೇಳಬೇಕಾದವರು ಹೂಗ್ಯಂನಿಂದ ಬಂದು, ಅಗೋ, ಮಗಳ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಯಶೋದ ಏನು ಕೆಲಸ ಮಾಡುತ್ತಿದ್ದರು? ನಮ್ಮ ಮೈಯ ಒಂದೊಂದು ಜೀವಕೋಶದೊಳಗೂ ಒಂದು ಬರಹವಿದೆ, ಅದೇ ಜೀನೋಮ್. ನಾಲ್ಕೇ ಅಕ್ಷರ, ಮುನ್ನೂರು ಕೋಟಿ ಸಲ. ಯಂತ್ರ ಅಕ್ಷರ ಓದಿಕೊಡುತ್ತದೆ. ಯಾವ ತುಂಡು ಕೆಲಸ ಮಾಡುವ ಜೀನ್, ಅದು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗುರುತು ಹಾಕುವವರು ನಾವು. ಮನುಷ್ಯರದು, ಎಮ್ಮೆಯದು, ಮೇಕೆಯದು, ಕೋಳಿಯದು, ಎಲ್ಲವೂ ನಮ್ಮ ಟೇಬಲ್ಲಿಗೆ ಬರುತ್ತಿತ್ತು. ಇದನ್ನು ಕೇಳಿ ಚಿಕ್ಕಬಸಮ್ಮನವರು ಅಂದರಂತೆ, “ನಾಕೇ ಅಕ್ಸರನಾ ಕೂಸೇ? ಒಂದ್ನೇ ಕ್ಲಾಸು ಮಕ್ಳು ಐವತ್ತಕ್ಸರ ಒಂದೇ ವರ್ಸಕ್ಕೆ ಕಲ್ತ್ಕತವೆ ಕಣವ್ವ!” ಯಶೋದ ಅದನ್ನು ಹೇಳಿಕೊಂಡು ವಾರವಿಡೀ ನಕ್ಕರು. ನಗಬಹುದು ಅಮ್ಮ, ನೀವೂ ನಗಬಹುದು.

ಅವರದು ಒಂದು ಪದ್ಧತಿ. ತೆರೆಯ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ನೋಡದೆ ಗುರುತು ಹಾಕುತ್ತಿರಲಿಲ್ಲ — ಹೀಗೆ, ಬೆರಳಿಟ್ಟು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುವರು: ‘ಕಣ್ಣಾರೆ ಕಂಡೆ — ಯ.’ ಆ ತೆರೆ ಒರೆಸಿ ಒರೆಸಿ ಅಟೆಂಡರ್ ಪುಟ್ಟಮಾದಪ್ಪನಿಗೆ ಸಾಕಾಗಿತ್ತು.

ನನ್ನದು ಹಾಗಲ್ಲ. ಎಂಟು ವರ್ಷ ಬರೀ ಮೇಕೆಯ ಜೀನೋಮ್ ನೋಡಿದವನು ನಾನು. ಮೇಕೆ ನನಗೆ ಬಾಯಿಪಾಠ ಎಂಬ ಜಂಬ. ಒಂದು ದಿನ ಮನುಷ್ಯರ ಒಂದು ಜೀನ್ ಬಂತು. ಅದರಲ್ಲೊಂದು ಪುಟ್ಟ ತುಂಡು. ಮೇಕೆಯಲ್ಲಿ ಹುಡುಕಿದೆ — ಇಲ್ಲ. ಮೇಕೆಯಲ್ಲಿ ಇಲ್ಲದ್ದು ಇಲ್ಲೇಕಿರಬೇಕು, ಯಂತ್ರದ ತಪ್ಪು ಎಂದುಕೊಂಡು ಹೊಡೆದು ಹಾಕಿದೆ. ನಿಜ ಏನೆಂದರೆ, ಮೇಕೆಯಲ್ಲಿ ಆ ಜಾಗವನ್ನು ಯಂತ್ರ ಓದಿಯೇ ಇರಲಿಲ್ಲ. ಓದದೆ ಬಿಟ್ಟದ್ದನ್ನು ನಾನು ಇಲ್ಲ ಎಂದುಕೊಂಡೆ. ತೆಗೆದು ನೋಡಲು ಹತ್ತು ನಿಮಿಷ ಸಾಕಿತ್ತು.

ನಾವು ಗುರುತು ಹಾಕದ ಕಡೆ ರೋಗಿಯ ರಕ್ತದಲ್ಲಿ ದೋಷವಿದೆಯೇ ಎಂದು ಯಾರೂ ಹುಡುಕುವುದಿಲ್ಲ. ಹೂಗ್ಯಂನ ಕೆಂಪಾಜಮ್ಮನವರ ಮೊದಲ ಮಗು ಫಿಟ್ಸ್ ಬಂದು ಎರಡು ವರ್ಷಕ್ಕೇ ತೀರಿಕೊಂಡಿತು. ಅದರ ರಕ್ತದ ರಿಪೋರ್ಟು: ‘ದೋಷ ಕಂಡುಬಂದಿಲ್ಲ.’ ಅದನ್ನು ನಂಬಿ ಅವರು ಇನ್ನೊಂದು ಮಗು ಹೆತ್ತರು — ದೀಪ. ಹತ್ತು ತಿಂಗಳಿಗೆ ಅವಳಿಗೂ ಫಿಟ್ಸ್. ಸುದ್ದಿ ಕೇಳಿ ಯಶೋದ, ಮೊದಲ ಮಗುವಿನ ರಕ್ತದಲ್ಲಿ ಯಂತ್ರ ಓದಿದ್ದ ಅಕ್ಷರಗಳನ್ನು ತೆಗೆದು, ಬೆರಳಿಟ್ಟು, ಮೊದಲಿಂದ ನೋಡಿದರು. ನಾನು ಹೊಡೆದು ಹಾಕಿದ ತುಂಡಿನಲ್ಲೇ ದೋಷ ಇತ್ತು. ಹುಟ್ಟಿದಾಗಿನಿಂದ ದಿನಕ್ಕೊಂದು ವಿಟಮಿನ್ ಮಾತ್ರೆ ಕೊಟ್ಟಿದ್ದರೆ ಆಗುತ್ತಿತ್ತು, ಅಂಥ ಕಾಯಿಲೆ. ಮಾತ್ರೆ ಶುರುವಾಯಿತು. ಫಿಟ್ಸ್ ನಿಂತಿತು. ಅಷ್ಟರಲ್ಲಿ ದೀಪಳ ಕಿವಿ ಪೂರ್ತಿ ಕೇಳದಾಗಿತ್ತು, ಅದು ಮಾತ್ರ ವಾಪಸು ಬರಲಿಲ್ಲ.

ಯಶೋದ ಬಸ್ಸು ಹತ್ತಿ ಹೂಗ್ಯಂಗೆ ಹೋದರು. ಜಗಲಿಯಲ್ಲಿ ಕೂತು, “ತಪ್ಪು ನಮ್ದು ಕಣವ್ವ” ಎಂದರು. ವಾಪಸು ಬಂದು ನನಗೆ ಅಂದರು, “ನಮ್ದು ಅಂತ ನಾನು ಯೋಳ್ಬುಟ್ಟು ಬಂದಿವ್ನಿ ಸಾ. ನಂದು ಅಂತ ನೀವೇ ಯೋಳ್ಬೇಕು.” ಅಷ್ಟೇ. ಯಾರ ಹತ್ತಿರವೂ ನನ್ನ ಹೆಸರೆತ್ತಲಿಲ್ಲ. ಆದರೆ ಪ್ರತಿ ಸೋಮವಾರ ಟೀ ಕುಡಿಯುವಾಗ ಕೇಳುವರು, “ಹೂಗ್ಯಂಗೆ ಯಾವಾಗ ಓಗದು ಸಾ?” ಮುಂದಿನ ವಾರ ಯಶೋದ, ಮುಂದಿನ ವಾರ. ಹೀಗೆ ಮೂರು ವರ್ಷ. ಹೋದ ಸೋಮವಾರ ಆ ಕುರ್ಚಿ ಖಾಲಿ. ನಲವತ್ತಾರಕ್ಕೇ ಎದೆನೋವು ಅವರನ್ನು ಕರೆದೊಯ್ದಿತ್ತು. ಟೀ ಬಂತು, ಕೇಳುವವರಿರಲಿಲ್ಲ. ಅಯ್ಯೋ, ನಾನೆಂಥ ಹೇಡಿ!

ಈಗ ಸಭೆಗೆ ಮುಂಚೆ ಹೊರಗೆ ಕೆಂಪಾಜಮ್ಮನವರು ನಾನು ಯಾರೆಂದು ತಿಳಿಯದೆ ನನಗೇ ಹೇಳಿದರು, “ಆಸ್ಪತ್ರೆ ಗೀಸ್ಪತ್ರೆ ಎಲ್ಲಾ ಅಲ್ದಿವಿ ಸಾ. ಮನೆಗಂಟ ಬಂದು ತಪ್ಪಾಯ್ತು ಅಂದೋರು ಆ ಅಮ್ಮ ಒಬ್ರೇಯ.” ನಾನು ಆಗಲೂ ತಲೆಯಾಡಿಸಿ ಒಳಗೆ ಬಂದು ಕೂತೆ.

ಇನ್ನು ಸುಮ್ಮನಿರಲಾರೆ. ಕೆಂಪಾಜಮ್ಮ — ಆ ತಪ್ಪು ನಂದು. ಯಶೋದ ಅವರದಲ್ಲ, ಯಂತ್ರದ್ದಲ್ಲ, ನಂದು. ಏಳಬೇಡಿ ತಾಯಿ, ಕೂತಿರಿ. ನೀವು ಏನು ಅನ್ನಬೇಕಿದ್ದರೂ ನಾನೇ ಇಳಿದು ಬಂದು ನಿಮ್ಮೆದುರು ನಿಲ್ಲುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಬಂಧುಗಳೇ, ಈಗ ಯಶೋದ ಅವರಿಗಾಗಿ ನಾವೆಲ್ಲ ಎದ್ದು ನಿಂತು ಎರಡು ನಿಮಿಷ ಸದ್ದು ಮಾಡದೆ ಇರೋಣ. ನಮಗೆ ಎರಡೇ ನಿಮಿಷ. ದೀಪಳಿಗೆ ಅದು ದಿನವೂ ಇದೆ. ಅವಳ ಕೈಯನ್ನು ಯಾರಾದರೂ ಮೆಲ್ಲಗೆ ಮುಟ್ಟಿ, ಎದ್ದು ನಿಲ್ಲಬೇಕೆಂದು ತಿಳಿಸಿ.