ಬಸಪ್ಪನ್ನ ಕೇಳಿದ್ದು

ಅಣ್ಣ... ಓ ಅಣ್ಣ, ಮಳವಳ್ಳಿಗೆ ಇದೇ ದಾರಿನಾ? ಆಂ? ನಾಲೆ ಏರಿ ಬುಟ್ಟು ಕೆಳಗಿಳೀಬೇಕಾ? ಕೆಳಗೆ ಬರೀ ಕಬ್ಬಿನ ಗದ್ದೆ ಕಾಣ್ತದಲ್ಲ... ಸರಿ ಬುಡಿ, ಮುಂದೆ ಆಲೆಮನೆ ಹತ್ರ ಕೇಳ್ಕೊತೀವಿ.

ಅವ್ವ, ಅವನ ಮುಂದೆ ಅದನ್ನೆಲ್ಲ ಯಾಕೆ ಹೇಳೋಕೆ ಹೋದೆ? 'ನನ್ ಮಗಳಿಗೆ ಪರೀಕ್ಸೆ ಅದೆ ಕಣಪ್ಪ' ಅಂತ. ಪಾಪ, ಅವನು ಅತ್ತಿತ್ತ ನೋಡಿದ, ಮಗಳು ಎಲ್ಲವ್ಳೆ ಅಂತ. ಆಮೇಲೆ ಹೆಲ್ಮೆಟ್ಟಿನಿಂದ ಈಚೆಗೆ ಬಂದಿದ್ದ ನನ್ನ ಬಿಳಿ ಕೂದಲು ಕಂಡು, ಪರೀಕ್ಷೆ ಮಾಡೋ ಮೇಡಂ ಇರಬೇಕು ಅಂದ್ಕೊಂಡು ಕೈ ಮುಗಿದ. ನಗಬೇಡ. ನೀನು ಹಿಂದೆ ಕೂತ್ಕೊಂಡು ಹಂಗೆ ಕುಲುಕಾಡಿದ್ರೆ ಸ್ಕೂಟರು ಸೀದಾ ನಾಲೆಗಿಳೀತದೆ.

ಅಲ್ಲಾ, ನೀನೇ ಹೇಳು. ನಲವತ್ತು ದಾಟಿರೋ ಹೆಂಗಸು ಪರೀಕ್ಷೆಗೆ ಹೊರಟ್ರೆ ಹಿಂದೆ ಅವ್ವನ್ನ ಕೂರಿಸ್ಕೊಂಡು ಹೋಗ್ತಾರಾ? ಮೊಸರನ್ನದ ಡಬ್ಬಿ, ನೀರಿನ ಬಾಟ್ಲು, ಒಂದು ಪೆನ್ನು ಕೈ ಕೊಟ್ರೆ ಇನ್ನೊಂದು, ಅದೂ ಕೈ ಕೊಟ್ರೆ ಮತ್ತೊಂದು... ಬೆಳಗ್ಗೆ ಮದ್ದೂರು ಪೇಟೆ ಬೀದಿ ಪೂರ್ತಿ ನಮ್ಮನ್ನೇ ನೋಡ್ತಾ ಇತ್ತು. ಸಿದ್ದರಾಜು ಅಂಗಡಿ ಬಾಗಿಲಿಗೆ ಬಂದು 'ಏನ್ ಮೋಹಿನಕ್ಕ, ಈ ಸಲಾನಾದ್ರೂ?' ಅಂದನಲ್ಲ. ನಾನೂ ಹಲ್ಲು ಬಿಟ್ಟೆ. ಇನ್ನೇನು ಮಾಡ್ಲಿ?

ಗೊತ್ತು ಗೊತ್ತು. ನಮ್ಮ ಮನೇಲಿ ಯಾರು ಪರೀಕ್ಷೆ ಬರೆದ್ರೂ ನೀನು ಹೋಗಿ ಮರದ ಕೆಳಗೆ ಕೂರಲೇಬೇಕು. ತಮ್ಮ ಸ್ವರೂಪನಿಗೂ ಕೂತಿದ್ದೆ. ಆದ್ರೆ ಅವನಿಗೆ ಆಗ ಮೀಸೆ ಬಂದಿರಲಿಲ್ಲ ಕಣವ್ವ. ನನಗೆ ಬರ್ತಾ ಅದೆ.

ಏನಂದೆ? ಫೋನಲ್ಲಿ ದಾರಿ ನೋಡು ಅಂತೀಯಾ? ಚಾರ್ಜ್ ಇಲ್ಲ. ...ರಾತ್ರಿಯೆಲ್ಲ ಹಾಕಿದ್ದೆ, ನಿಜ. ಇಲ್ಲಿ ಸಿಗ್ನಲ್ ಸಿಗಲ್ಲ, ಅದನ್ನೇ ಹೇಳಿದ್ದು. ಕಬ್ಬಿನ ಮಧ್ಯೆ ಎಲ್ಲಿ ಸಿಗ್ತದೆ? ಆ ದಾರಿ ಹೇಳಿದವನು ಮಾತಾಡ್ತಾ ಇದ್ದನಾ ಫೋನಲ್ಲಿ? ಅವನದ್ದು ಬೇರೆ ಕಂಪ್ನಿ ಸಿಮ್ಮು ಇರಬೇಕು ಬುಡು.

ದೊಡ್ಡ ರೋಡಲ್ಲೇ ಹೋಗಬಹುದಿತ್ತು, ಒಪ್ಕೊತೀನಿ. ಆದ್ರೆ ಕಬ್ಬಿನ ಲಾರಿ ಸಾಲು ನೀನೂ ನೋಡಿದೆಯಲ್ಲ. ನಾಲೆ ಏರಿ ಹಿಡಿದ್ರೆ ಬೇಗ ಹೋಗ್ತೀವಿ ಅಂದ್ಕೊಂಡೆ. ನಗು ನಗು. ಇಸ್ತಾಂಬುಲ್‌ನಲ್ಲಿ ಒಂದು ಬಸ್ಸು ತುಂಬಾ ಮಂಡ್ಯದ ಜನರನ್ನ, ಒಂದು ಕೆಂಪು ಛತ್ರಿ ಮೇಲೆತ್ತಿ ಹಿಡ್ಕೊಂಡು, ಸಂತೆ ಒಳಗೆಲ್ಲ ನಡೆಸಿದವಳು ನಾನು. ಒಬ್ಬರೂ ತಪ್ಪಿಸ್ಕೊಳ್ಳಲಿಲ್ಲ. ಟೂರ್ ಮ್ಯಾನೇಜರ್ ಮೋಹಿನಿ ಮೇಡಂ. ಈಗ ನೋಡು, ಅವ್ವ ಒಬ್ಬಳನ್ನ ಕರ್ಕೊಂಡು ಮಳವಳ್ಳಿ ಸೇರೋಕೆ ಆಗ್ತಾ ಇಲ್ಲ.

ಓದಿಲ್ವಾ ಅಂದ್ರೆ? ಓದದೆ ಇರೋಕೆ ನೀವು ಬುಟ್ರಲ್ವಾ? ನಾನು ಪುಸ್ತಕ ತೆಗೆದ್ರೆ ಅಪ್ಪ ಟೀವಿ ಆರಿಸಿ, ಚಪ್ಪಲಿ ಕೈಲಿ ಹಿಡ್ಕೊಂಡು ಹೊರಗೆ ಹೋಗ್ತಾರೆ. ನೀನು ಬಾದಾಮಿ ನೆನೆಸಿ ಸಿಪ್ಪೆ ತೆಗೆದು ತಂದಿಡ್ತೀಯ. ಮನೆಗೆ ಬಂದವರಿಗೆ 'ಮೆತ್ತಗೆ ಮಾತಾಡಿ, ಮಗ ಓದ್ತಾ ಅದೆ' ಅಂತೀಯ. ಅವರು ರೂಮಿನ ಒಳಗೆ ಇಣುಕಿದ್ರೆ, ಮಗ ಓದೋ ಕನ್ನಡಕ ಹಾಕ್ಕೊಂಡು, ಸೊಂಟಕ್ಕೆ ದಿಂಬು ಕೊಟ್ಕೊಂಡು, ಅರ್ಥಶಾಸ್ತ್ರದ ಪುಸ್ತಕದ ಮೇಲೆ ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಾ ಇರ್ತದೆ.

ಉಳಿದಿರೋದು ಒಂದೇ ಒಂದು ಪೇಪರು, ನಂಗೊತ್ತು. ಇದೇ ಕೊನೇ ಸಲ, ಆಮೇಲೆ ಬರೆಯೋಕೆ ಬಿಡಲ್ಲ, ಅದೂ ಗೊತ್ತು. ಹೋದ ಸಲ ಏನಾಯ್ತು ಅಂದ್ರೆ... ಹಾಲ್ ಟಿಕೆಟ್ ಮನೇಲೇ ಉಳೀತು. ಹೂಂ, ದೇವರ ಗೂಡಲ್ಲಿ. ಅಲ್ಲಿಟ್ಟವಳು ನೀನೇ. ಅದರ ಹಿಂದಿನ ಸಲ ಜ್ವರ. ...ಇತ್ತು ಕಣವ್ವ ಜ್ವರ. ನೀನು ಕೈಯಿಟ್ಟು ನೋಡೋ ಹೊತ್ತಿಗೆ ಇಳಿದಿತ್ತು.

ಈಗ ಎಲ್ಲ ಒಳ್ಳೇದಾಗ್ತದೆ ಅಂತೀಯಾ? ಗುಡಿ ಬಸಪ್ಪ ಪಾದ ಕೊಟ್ಟವ್ನೆ ಅಂತ? ಸ್ವಲ್ಪ ಮೆತ್ತಗೆ ಹೇಳು, ಆಲೆಮನೆಯವರಿಗೂ ಕೇಳಿಸ್ತದೆ. ಚಿಕ್ಕರಸಿನಕೆರೆ ಬಿಟ್ಟಾಗಿಂದ ದಾರೀಲಿ ಸಿಕ್ಕವರಿಗೆಲ್ಲ ಹೇಳ್ಕೊಂಡೇ ಬಂದಿದೀಯ. ಅಪ್ಪಂಗೆ ಮಾತ್ರ ಹೇಳಬೇಡ. ಬೆಳಗ್ಗೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ, ನಿನ್ನ ಪ್ರಯತ್ನ ನೀನು ಮಾಡು ಅಂತ ಕಳಿಸಿದ ಮನುಷ್ಯ. ಹೆಂಡ್ತಿ ಮಗಳು ಸೇರ್ಕೊಂಡು ಎತ್ತಿನ ಕಾಲಿಗೆ ಬಿದ್ರು ಅಂತ ಗೊತ್ತಾದ್ರೆ ಒಂದು ವಾರ ಮಾತಾಡಲ್ಲ. ...ಸರಿ, ಎತ್ತಲ್ಲ, ಬಸಪ್ಪ. ತಪ್ಪಾಯ್ತು.

ನಿಜ ಹೇಳಬೇಕಂದ್ರೆ ಭಯ ಆಯ್ತು ಕಣವ್ವ. 'ಮನಸ್ಸಲ್ಲೇ ಕೇಳ್ಕೊ, ಆಗೋದಾದ್ರೆ ಕಾಲಿಡ್ತಾನೆ, ಇಲ್ದಿದ್ರೆ ಮುಖ ತಿರುಗಿಸ್ಕೊಂಡು ಓಯ್ತಾನೆ' ಅಂದೆ. ನಾನೂ ಮಂಡಿಯೂರಿ ಅಂಗೈ ಚಾಚಿದೆ. ನಂಗಿಂತ ಮುಂಚೆ ಬಂದಿದ್ದವರನ್ನ ಮೂಸಿ ಕೂಡ ನೋಡಲಿಲ್ಲ ಆತ. ನನ್ನ ಹತ್ರ ಬಂದವನು ಒಂಚೂರೂ ಯೋಚನೆ ಮಾಡಲಿಲ್ಲ, ಮೆತ್ತಗೆ ಕಾಲು ತಂದಿಟ್ಟ. ಬೆಚ್ಚಗಿತ್ತು. ನೀನು ಅಲ್ಲೇ ಅಳೋಕೆ ಶುರು ಮಾಡಿದೆ.

ಹೂಂ, ಪಾಸಾದ ಮೇಲೆ ಹೊರಡೋದೇ. ಟೂರ್ ಕಂಪ್ನಿಯವರು ಡಿಗ್ರಿ ಇದ್ರೆ ದೊಡ್ಡ ಕೆಲಸ ಕೊಡ್ತೀವಿ ಅಂದವ್ರೆ ಅಂತ ನಾನೇ ತಾನೆ ಹೇಳಿದ್ದು? ನಿನ್ನೆ ಅಟ್ಟದಿಂದ ನನ್ನ ಸೂಟ್‌ಕೇಸು ಇಳಿಸಿ ಬಿಸಿಲಿಗಿಟ್ಟಿದ್ದೆಯಲ್ಲ, ನೋಡಿದೆ. ಒಳಗೆ ಬೇವಿನ ಸೊಪ್ಪು ಹಾಕಿದ್ದೆ. ಸ್ವರೂಪನ ಹೆಂಡ್ತಿ ನನ್ನ ರೂಮಿನ ಕಿಟಕಿ ಅಳತೆ ತಗೊಂಡ್ಲು, ಪರದೆ ಹೊಲಿಸ್ತಾಳಂತೆ. ಒಳ್ಳೇದೇ. ಆ ರೂಮಿಗೆ ಒಂದು ಪರದೆ ಬೇಕಿತ್ತು.

ಏನು ಕೇಳಿದೆ ಅಂದ್ರೆ? ಬಸಪ್ಪನ್ನ? ...ಇನ್ನೇನು ಕೇಳ್ತಾರವ್ವ, ಪರೀಕ್ಷೆ ವಿಚಾರವೇ. ಮನಸ್ಸಲ್ಲಿ ಕೇಳ್ಕೊಂಡಿದ್ದನ್ನ ಆಚೆ ಹೇಳಬಾರದು ಅಂತ ನೀನೇ ತಾನೆ... ಮುಖ ತೋರಿಸು ಅಂದ್ರೆ ಹೆಂಗೆ ತೋರಿಸ್ಲಿ? ಗಾಡಿ ಓಡಿಸ್ತಾ ಇಲ್ವಾ? ಕನ್ನಡಿ ಯಾಕೆ ತಿರುಗಿಸ್ತೀಯ, ಬುಡು, ಹಿಂದಿಂದ ಬರೋ ಟ್ರ್ಯಾಕ್ಟರು ಕಾಣಲ್ಲ.

ಇದೇ ತೂಬನ್ನ ಆಗಲೇ ದಾಟಿದ್ವಾ? ಇಲ್ಲಪ್ಪ. ನಾಲೇಲಿ ತೂಬೆಲ್ಲ ಒಂದೇ ಥರ ಇರ್ತವೆ. ನೀಲಿ ಬಣ್ಣ, ಮುರಿದ ಹಿಡಿ, ಪಕ್ಕದಲ್ಲಿ ಒಂದು ಹೊಂಗೆ ಮರ... ಒಂದೇ ಥರ ಇರ್ತವೆ.

ಅವ್ವ.

ಭುಜ ಯಾಕೆ ತಟ್ತೀಯ?

ತಾಳು, ನಿಲ್ಲಿಸ್ತೀನಿ. ಇಳಿ, ಹುಷಾರು. ನೀರು ಕುಡೀತೀಯಾ? ...ಬೈಯಿ ಬೇಕಾದ್ರೆ. ಇಷ್ಟು ಹೊತ್ತು ಚೆನ್ನಾಗಿ ಮಾತಾಡ್ತಾ ಇದ್ದೆ. ಏನಾದ್ರೂ ಅನ್ನು. 'ಮುಂಡೇದೆ, ಬೇಕು ಅಂತಲೇ ಸುತ್ತಿಸ್ತಾ ಇದ್ದೀಯ' ಅನ್ನು.

ಸರಿ. ಹಂಗೆ ನೋಡಬೇಡ, ಹೇಳ್ತೀನಿ. 'ಈ ಸಲಾನೂ ಪಾಸ್ ಆಗದೆ ಇರ್ಲಿ' ಅಂತ ಕೇಳಿದೆ. ಆತ ಅಷ್ಟು ಬೇಗ ಪಾದ ಕೊಟ್ಟುಬುಟ್ಟ. ನನ್ನ ಓದು ಹೆಂಗದೆ ಅಂತ ಆತನಿಗೂ ಗೊತ್ತಿತ್ತೇನೋ.

ಬೇರೆ ದೇಶಕ್ಕೆ ಹೋದ್ರೆ ಬಾಗಿಲಲ್ಲೇ ಕೇಳ್ತಾರವ್ವ, ಯಾಕೆ ಬಂದೆ, ಎಷ್ಟು ದಿನ ಇರ್ತೀಯ, ಯಾವಾಗ ವಾಪಸ್ ಹೋಗ್ತೀಯ ಅಂತ. ನಾನು ವಾಪಸ್ ಬಂದಾಗ ನಮ್ಮ ಮನೇಲಿ ಯಾರೂ ಕೇಳಲಿಲ್ಲ. ಅದಕ್ಕೇ ನಾನೇ ಒಂದು ಉತ್ತರ ರೆಡಿ ಮಾಡಿಟ್ಕೊಂಡೆ. ಓದು ಮುಗಿಸೋಕೆ ಬಂದಿದೀನಿ, ಮುಗಿದ ತಕ್ಷಣ ಹೊರಡ್ತೀನಿ. ಓದು ಮುಗಿದ್ರೆ... ಕಂಪ್ನಿಯವರು ಕರೆದೂ ಇಲ್ಲ, ಬಿಟ್ಟೂ ಇಲ್ಲ. ನಾನೇ ಅವರಿಗೆ ಫೋನ್ ಮಾಡಿ ಎಷ್ಟು ದಿನ ಆಯ್ತೋ. ಸಾಕಾಯ್ತವ್ವ ಸುತ್ತಿದ್ದು. ನಲವತ್ತು ದಾಟಿದವಳು ಅಪ್ಪ ಅವ್ವನ ಮನೇಲಿ ಯಾವ ಕಾರಣಾನೂ ಇಲ್ದೆ ಸುಮ್ಮನೆ ಇದ್ದಾಳೆ ಅಂದ್ರೆ, ಸಿದ್ದರಾಜುಗೆ ನೀನು ಏನಂತ ಹೇಳ್ತೀಯ?

ಅತ್ತ ಯಾಕೆ ಕೈ ತೋರಿಸ್ತಾ ಇದ್ದೀಯ? ಆ ಕಾಲುದಾರೀನಾ? ಅದು ಮಳವಳ್ಳಿ ರೋಡಿಗೆ... ನಿನಗೆ ಹೆಂಗೆ ಗೊತ್ತು?

ಓ. ನಿನ್ನ ತವರು ಇಲ್ಲೇ ಪಕ್ಕದಲ್ಲಿ ಅಲ್ವಾ. ಲಂಗ ಹಾಕ್ಕೊಂಡು ಎಮ್ಮೆ ಹೊಡ್ಕೊಂಡು ಓಡಾಡಿದ ಏರಿ ಇದು.

ಹಂಗಾದ್ರೆ ಮೊದಲನೇ ಸಲ ಈ ತೂಬು ದಾಟಿದಾಗ್ಲೇ ಗೊತ್ತಿತ್ತಾ? ಎರಡನೇ ಸಲಾನೂ? ಗೊತ್ತಿದ್ದೂ ಹಿಂದೆ ಕೂತ್ಕೊಂಡು ಸುಮ್ಮನೆ... ಅವ್ವ, ಇತ್ತ ತಿರುಗು. ನೀನೂ ಸುತ್ತಲಿ ಅಂತ ಬುಟ್ಟಿದ್ದಾ?

ಸರಿ.

ಹತ್ತು. ಸೆರಗು ಚಕ್ರಕ್ಕೆ ಸಿಗದ ಹಾಗೆ ಸಿಕ್ಕಿಸ್ಕೊ. ಹಿಡ್ಕೊ ಗಟ್ಟಿಯಾಗಿ... ಇಷ್ಟು ಗಟ್ಟಿಯಾಗಿ ಅಲ್ಲ, ಉಸಿರಾಡೋಕೆ ಬುಡು.

...ನೋಡು, ಬಂತು ಕಾಲೇಜು. ಗೇಟು ಇನ್ನೂ ತೆಗೆದೇ ಅದೆ. ಆ ಮರದ ಕೆಳಗೆ ಕೂತಿರು, ನೆರಳದೆ. ಪೆನ್ನು ಕೊಡು. ಎಲ್ಲ ಬೇಡ, ಒಂದು ಸಾಕು. ಬರೀತೀನಿ, ಗೊತ್ತಿರೋದೆಲ್ಲ ಬರೀತೀನಿ. ಆಮೇಲೆ ಆ ಸೂಟ್‌ಕೇಸಲ್ಲಿ ರಾಗಿ ತುಂಬಿಡು.

ಮೊದಲನೇ ಸಲ ಊರು ಬಿಟ್ಟಾಗ ನೀನು ಬಚ್ಚಲಲ್ಲಿದ್ದೆ, ನಾನು ಹಂಗೇ ಬಸ್ಸು ಹತ್ತಿಬಿಟ್ಟೆ. ಆಮೇಲಿಂದ ವಿಮಾನ ಹತ್ತೋ ಮುಂಚೆ ಫೋನ್ ಮಾಡಿ 'ಹೊರಟೆ' ಅನ್ನೋಳು. 'ಹಂಗನ್ನಬಾರದು ಕಣವ್ವ' ಅಂತಿದ್ದೆ ನೀನು, ಪ್ರತೀ ಸಲ. ನಾನು ಫೋನ್ ಇಟ್ಟುಬಿಡ್ತಿದ್ದೆ. ಅದೊಂದು ಮಾತು ನಿನಗೆ ಬಾಕಿ ಉಳ್ಕೊಂಡದೆ.

ಬೆಲ್ ಹೊಡೀತಾ ಅವ್ರೆ. ಎದ್ದು ನಿಲ್ಲಬೇಡ, ಕೂತಿರು.

ಓಗ್ಬುಟ್ಟು ಬತ್ತೀನಿ, ಅವ್ವ.