ಹಿರಿಯರ ತಂಡಕ್ಕೆ ಹೊಸಬ

ಬೋಹುಮ್ ಊರಿನ ಮಂಡಿನೋವಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿಗೆ, ಒಂದು ಕಾಲಕ್ಕೆ ದೊಡ್ಡ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಫೋಲ್ಕ್‌ಮಾರ್ ಕೂತಿದ್ದ. ಅವನ ಪಕ್ಕದಲ್ಲಿ ನಮ್ಮ ಬಡಾವಣೆಯ ಹಿರಿಯರ ತಂಡದ ನಾಯಕ ಇಂಗೋಲ್ಫ್.

"ಶನಿವಾರ ನಿನ್ನನ್ನ ಆಡಿಸ್ಲೋ ಬೇಡ್ವೋ, ಹೇಳೋ" ಎಂದ ಇಂಗೋಲ್ಫ್.

"ಡಾಕ್ಟ್ರು ಹೂಂ ಅನ್ಲಿ ಮಾರಾಯ. ನಮ್ ಮೆರ್ಲೆ ಹುಟ್ಟಿದ್ದು ನಾನು ಆಟ ಬಿಟ್ಮೇಲೆ. ಅಪ್ಪ ಆಡೋದನ್ನ ಮಗಳು ಒಂದ್ಸಲಾನೂ ನೋಡಿಲ್ಲ."

"ವರ್ಷದ ಕೊನೇಲಿ ಟೀವೀಲಿ ತೋರಿಸ್ತಾರಲ್ಲೋ, ನಗೋ ಕಾರ್ಯಕ್ರಮದಲ್ಲಿ."

"ಅದೇ ತೊಂದ್ರೆ. ಹನ್ನೊಂದು ವರ್ಷ ಆಡ್ದೆ, ಒಂದೇ ಗೋಲು ಹೊಡ್ದೆ, ಅದೂ ನಮ್ಮದೇ ಗೋಲಿನೊಳಗೆ. ಅವಳು ನೋಡಿರೋದು ಅದೊಂದನ್ನೇ."

"ನಿಮ್ಮ ಗೋಲ್‌ಕೀಪರ್ ನಿಂತಲ್ಲೇ ನಿಂತಿದ್ದ, ಪಾಪ."

"ನಾನು ಅಷ್ಟು ಗುರಿಯಿಟ್ಟು ಹೊಡೀತೀನಿ ಅಂತ ಅವನಿಗೇನು ಗೊತ್ತು?"

ನರ್ಸ್ ಹೆಸರು ಕೂಗಿದಳು. ಫೋಲ್ಕ್‌ಮಾರ್ ಕುಂಟುತ್ತ ಒಳಗೆ ಹೋದ. ಹೊರಬಂದಾಗ ಮುಖ ಸಪ್ಪಗಿತ್ತು.

"ಮೈದಾನದಲ್ಲಿ ನಿಂತ್ಕೋಬಹುದಂತೆ. ಓಡೋ ಹಾಗಿಲ್ವಂತೆ."

"ನೀನು ಯಾವತ್ತೋ ಓಡಿದ್ದು? ಬಾ, ಆಡು. ಆದ್ರೆ ತಂಡಕ್ಕೆ ಹೊಸದಾಗಿ ಸೇರೋನು ಒಂದು ಕ್ರೇಟ್ ಬಿಯರ್ ತರ್ಬೇಕು. ತನ್ನ ಗೋಲಿಗೇ ಚೆಂಡು ಹೊಡ್ದೋನು ಇನ್ನೊಂದು ಕ್ರೇಟ್."

"ಗೊತ್ತು ಕಣೋ. ಎರಡನ್ನೂ ಬೆಳಿಗ್ಗೇನೇ ತಂದು ಕಾರಲ್ಲಿಟ್ಟಿದೀನಿ."

ಒಬ್ಬರ ಹೆಗಲನ್ನೊಬ್ಬರು ಹಿಡಿದು, ಇಬ್ಬರೂ ನಿಧಾನಕ್ಕೆ ಮೆಟ್ಟಿಲಿಳಿದು ಹೋದರು.